ಬಣ್ಣದ ಉಣ್ಣೆ, ಬಣ್ಣದ ರೇಷ್ಮೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಉಣ್ಣೆ, ರೇಷ್ಮೆಯ ಎಳೆಗಳಿಗೆ ಮನೆಯಲ್ಲೇ ಬಣ್ಣ ಹಾಕಿ ನೂಲುವವರು, ಫೆಲ್ಟ್ (ಉಣ್ಣೆಯ ಎಳೆಗಳನ್ನು ಒತ್ತಿ ಗಟ್ಟಿ ಮಾಡಿದ ಹಾಳೆ) ಮಾಡುವವರು ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಬರೆದ ಪತ್ರಗಳಲ್ಲಿ ಕೆಲವನ್ನು ಈ ಸಲ ಆರಿಸಿಕೊಂಡಿದ್ದೇವೆ. ಬಹಳಷ್ಟು ಪತ್ರಗಳು ಬಣ್ಣದ ಪುಡಿಯನ್ನೇ ದೂರುತ್ತವೆ. ಆದರೆ ಪೂರ್ತಿ ಓದಿದರೆ ತಪ್ಪು ನೀರಿನದೋ, ಬಿಸಿಯದೋ, ಎಳೆಯ ಜಾತಿಯದೋ ಆಗಿರುತ್ತದೆ. ಉತ್ತರಗಳೂ ಹೆಚ್ಚಾಗಿ ಅವುಗಳ ಸುತ್ತಲೇ ಇವೆ.

ಬಾಚಿದ ಬಿಳಿ ಮೆರಿನೋ ಉಣ್ಣೆಯ ಹಂಜಿಯನ್ನು (ನೂಲಲು ಸಿದ್ಧವಾದ ಎಳೆಗಳ ಉದ್ದನೆಯ ಪಟ್ಟಿ) ತರಿಸಿ ಆಸಿಡ್ ಡೈಯಲ್ಲಿ (ಹುಳಿ ಸೇರಿಸಿ ಉಣ್ಣೆ, ರೇಷ್ಮೆಗೆ ಹಾಕುವ ಬಣ್ಣ) ಕುದಿಸಿದೆ. ಬಣ್ಣ ಚೆನ್ನಾಗಿ ಹಿಡಿಯಿತು, ಆದರೆ ಹಂಜಿ ಹಗ್ಗದಂತೆ ಗಟ್ಟಿಯಾಯಿತು. ಎಳೆ ಬಿಡಿಸಲು ಬರುತ್ತಿಲ್ಲ. ಎಲ್ಲಿ ತಪ್ಪಿದೆ?
- ಓದುಗರು, ವಿದ್ಯಾನಗರ, ಹುಬ್ಬಳ್ಳಿ

‘ಕುದಿಸಿದೆ’ ಎಂದಿದ್ದೀರಲ್ಲ, ತಪ್ಪು ಅಲ್ಲೇ ಇದೆ. ಉಣ್ಣೆಯ ಪ್ರತಿ ಎಳೆಯ ಮೈಮೇಲೂ ಕಣ್ಣಿಗೆ ಕಾಣದ ಹೊಪ್ಪಳೆಗಳಿರುತ್ತವೆ. ಬಿಸಿ, ತೇವ, ಅಲುಗಾಟ ಮೂರೂ ಸೇರಿದರೆ ಎಳೆಗಳು ಬೇರಿನ ದಿಕ್ಕಿಗೆ ಮಾತ್ರ ಸರಿಯುತ್ತ ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ, ಹಿಂದಕ್ಕೆ ಬರುವುದಿಲ್ಲ. ಕೊತಕೊತ ಕುದಿಯುವ ನೀರಿನಲ್ಲಿ ಈ ಮೂರೂ ಒಟ್ಟಿಗೇ ಇರುತ್ತವೆ. ಬಿಸಿ ಮಾತ್ರದಿಂದ ಉಣ್ಣೆ ಗಂಟಾಗುವುದಿಲ್ಲ. ಬಿಸಿ ನೀರಿನಲ್ಲಿ ಕೈಯಾಡಿಸುವುದು, ಬಿಸಿಯಿಂದ ತೆಗೆದು ತಣ್ಣೀರಿಗೆ ಹಾಕುವುದು, ನಲ್ಲಿಯ ಧಾರೆಯನ್ನು ನೇರ ಅದರ ಮೇಲೆ ಬಿಡುವುದು, ಇವು ಕೆಡಿಸುತ್ತವೆ.

100 ಗ್ರಾಂ ಒಣ ಉಣ್ಣೆಗೆ ಕ್ರಮ ಹೀಗಿರಲಿ. ಮೊದಲು ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಸೋಪನ್ನು ಎರಡು ಹನಿ ಹಾಕಿ, ಹಂಜಿಯನ್ನು ಅದರ ಮೇಲೆ ಇಟ್ಟು ತಾನಾಗಿ ಮುಳುಗಲು ಬಿಡಿ. ಒಂದು ತಾಸು ನೆನೆಯಲಿ. ಒಳಗೆ ಗಾಳಿ ಉಳಿದರೆ ಅಲ್ಲಿ ಬಣ್ಣ ಇಳಿಯದೆ ಬಿಳಿ ಕಲೆ ಉಳಿಯುತ್ತದೆ. ಬಣ್ಣದ ಪುಡಿಯನ್ನು ನೇರ ಪಾತ್ರೆಗೆ ಸುರಿಯಬೇಡಿ. 10 ಗ್ರಾಂ ಪುಡಿಯನ್ನು ಸ್ವಲ್ಪ ಬಿಸಿನೀರಿನಲ್ಲಿ ಕಲಸಿ, ಒಟ್ಟು 1 ಲೀಟರ್ ಆಗುವಷ್ಟು ನೀರು ಸೇರಿಸಿ ಬಾಟಲಿಯಲ್ಲಿಡಿ. ಇದರ 100 ಮಿ.ಲೀ.ನಲ್ಲಿ 1 ಗ್ರಾಂ ಬಣ್ಣ ಇರುತ್ತದೆ. ತಿಳಿ ಬಣ್ಣಕ್ಕೆ 25ರಿಂದ 50 ಮಿ.ಲೀ., ನಡುಮಟ್ಟಕ್ಕೆ 100, ಗಾಢಕ್ಕೆ 200 ಮಿ.ಲೀ. ಸಾಕು. ಕಪ್ಪಿಗೆ ಮಾತ್ರ 400ರವರೆಗೆ ಬೇಕಾಗುತ್ತದೆ. ಪುಡಿ ಕಲಸುವಾಗ ಮೂಗು-ಬಾಯಿಗೆ ಮಾಸ್ಕ್ ಕಟ್ಟಿಕೊಳ್ಳಿ. ಬಣ್ಣಕ್ಕೆ ಬಳಸಿದ ಸ್ಟೀಲ್ ಪಾತ್ರೆ ಮತ್ತೆ ಅಡುಗೆಗೆ ಬರಬಾರದು.

ಪಾತ್ರೆಗೆ 3ರಿಂದ 4 ಲೀಟರ್ ನೀರು, ಅಳೆದ ಬಣ್ಣ ಹಾಕಿ. ನೀರು ಇನ್ನೂ ಬೆಚ್ಚಗೂ ಆಗದಿರುವಾಗಲೇ ಉಣ್ಣೆ ಇಳಿಯಬೇಕು. ಉರಿ ಸಣ್ಣದಿರಲಿ, 85 ಡಿಗ್ರಿ ಮುಟ್ಟಲು ಮುಕ್ಕಾಲು ತಾಸು ತೆಗೆದುಕೊಳ್ಳಲಿ. ನಡುವೆ, ನೀರು ಕೈಗೆ ಚುರುಕ್ಕೆನ್ನುವ ಹೊತ್ತಿಗೆ, 3 ಗ್ರಾಂ ಸಿಟ್ರಿಕ್ ಆಸಿಡ್ (ಅಂಗಡಿಯವರು ನಿಂಬೆ ಉಪ್ಪು ಎನ್ನುತ್ತಾರೆ) ಅಥವಾ 75 ಮಿ.ಲೀ. ಬಿಳಿ ವಿನೆಗರ್ ಹಾಕಬೇಕು. ಉಣ್ಣೆಯನ್ನು ಕೋಲಿನಿಂದ ಒಂದು ಬದಿಗೆ ಸರಿಸಿ, ಖಾಲಿ ಜಾಗದಲ್ಲಿ ಹಾಕಿ. 85ರಿಂದ 90 ಡಿಗ್ರಿಯಲ್ಲಿ ಅರ್ಧ ತಾಸು ಇಡಿ. ಥರ್ಮಾಮೀಟರ್ ಇಲ್ಲದಿದ್ದರೆ ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಏಳುತ್ತಿರಬೇಕು, ಆವಿ ಬರುತ್ತಿರಬೇಕು, ನೀರು ಮಗುಚಬಾರದು. ಹತ್ತು ನಿಮಿಷಕ್ಕೊಮ್ಮೆ ಹಂಜಿಯನ್ನು ಮೆಲ್ಲಗೆ ಒತ್ತಿ ಮಗ್ಗುಲು ಬದಲಿಸಿದರೆ ಸಾಕು. ನೀರು ತಿಳಿಯಾದರೆ ಬಣ್ಣವೆಲ್ಲ ಎಳೆಗೆ ಹೋಯಿತೆಂದು ಅರ್ಥ. ಒಲೆ ಆರಿಸಿ, ರಾತ್ರಿಯಿಡೀ ಅದೇ ನೀರಿನಲ್ಲಿ ತಣಿಯಲು ಬಿಡಿ. ಈ ಕೊನೆಯ ಮಾತನ್ನು ಹೆಚ್ಚಿನವರು ಕಡೆಗಣಿಸುತ್ತಾರೆ. ಬಣ್ಣ ಹಿಡಿದ ಸಂತೋಷಕ್ಕೆ ಕೂಡಲೇ ಎತ್ತಿ ಜಾಲಿಸಿದ ಕ್ಷಣದಲ್ಲೇ ಉಣ್ಣೆ ಗಂಟಾಗುವುದು.

ಈಗ ಗಟ್ಟಿಯಾಗಿರುವುದನ್ನು ಪೂರ್ತಿ ಮೊದಲಿನಂತೆ ಮಾಡಲಾಗದು. ಬರೀ ಅಂಟಿಕೊಂಡಂತಿದ್ದರೆ ಪೂರ್ತಿ ಒಣಗಿಸಿ, ಎರಡೂ ಕೈಯಲ್ಲಿ ಒಂದು ಗೇಣು ಅಂತರದಲ್ಲಿ ಹಿಡಿದು ಅಡ್ಡಕ್ಕೆ, ಆಮೇಲೆ ಉದ್ದಕ್ಕೆ ಮೆಲ್ಲಗೆ ಎಳೆಯಿರಿ, ಅರ್ಧದಷ್ಟಾದರೂ ಬಿಚ್ಚೀತು. ನಿಜಕ್ಕೂ ಫೆಲ್ಟ್ ಆದ ಭಾಗವನ್ನು ಕತ್ತರಿಸಿ ಹೂವು, ಎಲೆಗಳ ಆಕಾರಕ್ಕೆ ಇಟ್ಟುಕೊಳ್ಳಿ. ಫೆಲ್ಟ್ ಚಿತ್ರಗಳಿಗೆ ಅಂಥ ತುಂಡುಗಳು ಬೇಕೇ ಬೇಕು.

ನಮ್ಮದು ಕುರಿ ಮನಿತನ್ರಿ. ಮಳಿಗಾಲದ ಮುಂಚೆ ಕತ್ತರಿಸಿದ ಉಣ್ಣಿ ಮನ್ಯಾಗ ಬಿದ್ದೈತಿ. ಹೆಚ್ಚಿಂದು ಕರೇದು, ನಡುನಡುವ ಬೂದಿ ಬಣ್ಣದ್ದು, ಸ್ವಲ್ಪ ಬಿಳೇದು. ಇದಕ್ಕ ಕೆಂಪು, ಹಳದಿ ಬಣ್ಣ ಹಾಕಾಕ ಬರತೈತೇನ್ರಿ? ಬ್ಲೀಚ್ ಮಾಡಿದ್ರ ಹೆಂಗ?
- ಓದುಗರು, ರಾಣೆಬೆನ್ನೂರು ತಾಲ್ಲೂಕು

ಬ್ಲೀಚಿಂಗ್ ದ್ರವವನ್ನು ದಯವಿಟ್ಟು ಮುಟ್ಟಬೇಡಿ. ಬಟ್ಟೆಗೆ ಹಾಕುವ ಕ್ಲೋರಿನ್ ಬ್ಲೀಚು ಹತ್ತಿಯನ್ನು ಬೆಳ್ಳಗೆ ಮಾಡುತ್ತದೆ, ಉಣ್ಣೆ-ರೇಷ್ಮೆಯನ್ನು ಕರಗಿಸಿಬಿಡುತ್ತದೆ. ಹೈಡ್ರೋಜನ್ ಪೆರಾಕ್ಸೈಡಿನಿಂದ ಕಪ್ಪು ತುಸು ಕಂದಾದೀತು, ಆದರೆ ಎಳೆ ಪೆಡಸಾಗಿ ನೂಲುವಾಗ ತುಂಡಾಗುತ್ತದೆ.

ನಿಮ್ಮ ಕಡೆಯ ದಖನಿ ತಳಿಯ ಕುರಿಯ ಕಪ್ಪು ಬಣ್ಣ ಎಳೆಯೊಳಗೇ ಇದೆ, ಅದರ ಮೇಲೆ ಹಳದಿ ಕಾಣುವುದಿಲ್ಲ. ನಿಮ್ಮಲ್ಲಿರುವುದನ್ನು ಮೂರು ಗುಡ್ಡೆ ಮಾಡಿ. ಕಪ್ಪನ್ನು ಹಾಗೇ ನೂಲಿ. ಅದರ ಸಹಜ ಬಣ್ಣ ಸೋಪಿಗೆ ಬಿಡುವುದಿಲ್ಲ, ಕಂಬಳಿ ನೇಯುವವರು ತಲೆಮಾರುಗಳಿಂದ ಅದನ್ನು ನೆಚ್ಚಿಕೊಂಡದ್ದು ಸುಮ್ಮನೆ ಅಲ್ಲ. ಬೂದಿ ಬಣ್ಣದ್ದಕ್ಕೆ ಶೇ 2ರಿಂದ 3ರಷ್ಟು, ಅಂದರೆ 100 ಗ್ರಾಂಗೆ 2ರಿಂದ 3 ಗ್ರಾಂ ಕೆಂಪು ಹಾಕಿದರೆ ಒಳ್ಳೆಯ ಕುಂಕುಮಗೆಂಪು, ನೀಲಿ ಹಾಕಿದರೆ ಮೋಡದ ನೀಲಿ ಬರುತ್ತದೆ. ಹಳದಿ ಬೇಕಿದ್ದರೆ ಬಿಳಿಯದಕ್ಕೆ ಮಾತ್ರ.

ಇನ್ನೊಂದು ವಿಷಯ ಮೊದಲೇ ತಿಳಿದಿರಲಿ. ಈ ಉಣ್ಣೆಯಲ್ಲಿ ಗಡಸು ಕೂದಲಿನಂಥ ಎಳೆಗಳು ಬೆರೆತಿರುತ್ತವೆ, ಅವುಗಳ ನಡುವೆ ಪೊಳ್ಳು. ಬೆಳಕು ಆ ಪೊಳ್ಳಿನಲ್ಲಿ ಚದುರುವುದರಿಂದ ಎಷ್ಟು ಬಣ್ಣ ಹಾಕಿದರೂ ಅವು ಮಾಸಲಾಗಿಯೇ ಕಾಣುತ್ತವೆ. ಬಣ್ಣ ಹಿಡಿಯಲಿಲ್ಲ ಎಂದು ಮತ್ತೆ ಮತ್ತೆ ಪುಡಿ ಹಾಕುವುದರಿಂದ ಲಾಭವಿಲ್ಲ, ಬಾಚುವಾಗಲೇ ಅವನ್ನು ಆರಿಸಿ ತೆಗೆಯಿರಿ. ಮರಿಗಳ ಮೊದಲ ಕತ್ತರಿಯ ಉಣ್ಣೆ ಎಲ್ಲಕ್ಕಿಂತ ಮೆತ್ತಗಿರುತ್ತದೆ, ಅದನ್ನು ಬೇರೆಯಾಗಿ ಕಟ್ಟಿಡಿ.

ತೊಳೆಯದೆ ಬಣ್ಣ ಹಾಕಬಾರದು. ದಖನಿ ಉಣ್ಣೆಯಲ್ಲಿ ಜಿಡ್ಡು ಕಡಿಮೆ, ಮಣ್ಣು-ಮುಳ್ಳು ಜಾಸ್ತಿ. ಮೊದಲು ಬಿಸಿಲಲ್ಲಿ ಹರಡಿ, ಕೊಡವಿ, ಮುಳ್ಳು ಆರಿಸಿ. ಆಮೇಲೆ ಅರ್ಧ ಕಿಲೋಗೆ 15 ಲೀಟರಿನಂತೆ 60 ಡಿಗ್ರಿಯ ನೀರಿಗೆ ಎರಡು ಚಮಚ ದ್ರವ ಸೋಪು ಹಾಕಿ 20 ನಿಮಿಷ ಮುಳುಗಿಸಿಡಿ. ಹಿಂಡಬೇಡಿ, ಉಜ್ಜಬೇಡಿ. ನೀರು ತಣ್ಣಗಾಗುವ ಮೊದಲೇ ಎತ್ತಿ, ಅಷ್ಟೇ ಬಿಸಿಯ ಹೊಸ ನೀರಿಗೆ ಹಾಕಿ. ತಣಿದರೆ ಬಿಟ್ಟ ಜಿಡ್ಡು ವಾಪಸ್ ಎಳೆಗೇ ಅಂಟುತ್ತದೆ. ವಾಷಿಂಗ್ ಸೋಡಾ ಬೇಡ, ಕ್ಷಾರ ಉಣ್ಣೆಯನ್ನು ತಿನ್ನುತ್ತದೆ.

ನಮ್ಮೂರ ಮೆಣಸಿನಕಾಯಿಯ ಬಣ್ಣ ಜಗತ್ತಿಗೆಲ್ಲ ಹೋಗುತ್ತದೆ. ಅದರಿಂದಲೇ ಉಣ್ಣೆಗೆ ಕೆಂಪು ಹಾಕಲು ಸಾಧ್ಯವೇ? ಹೊಲದಂಚಿನ ಕುಸುಬಿ ಹೂವಿನಿಂದ?
- ಓದುಗರು, ಬ್ಯಾಡಗಿ

ಮೆಣಸಿನಕಾಯಿಯಿಂದ ಸಾಧ್ಯವಿಲ್ಲ. ಅದರ ಕೆಂಪು ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಅಲ್ಲ. ಅದಕ್ಕೇ ಕಾರ್ಖಾನೆಗಳು ದ್ರಾವಕ ಬಳಸಿ ಅದನ್ನು ಒಲಿಯೋರೆಸಿನ್ ಎಂಬ ಎಣ್ಣೆಯಂಥ ಗಟ್ಟಿ ಸಾರದ ರೂಪದಲ್ಲಿ ತೆಗೆಯುತ್ತವೆ. ಅಡುಗೆಗೆ, ಆಹಾರಕ್ಕೆ ಅದು ಶ್ರೇಷ್ಠ. ಉಣ್ಣೆಯ ಮೇಲೆ ಬರೀ ಜಿಡ್ಡಾಗಿ ಕೂತು, ಸೋಪಿಗೆ ಅರ್ಧ ಹೋಗಿ, ಉಳಿದರ್ಧ ಬೆಳಕಿಗೆ ಮಾಸುತ್ತದೆ.

ಕುಸುಬಿಯ ಕಥೆ ಬೇರೆ. ಅದರ ದಳಗಳಲ್ಲಿ ಹಳದಿ, ಕೆಂಪು ಎರಡೂ ಇವೆ. ಕಾಳು ಕಟ್ಟಿ ಹೂ ಬಾಡಿದ ಮೇಲೆ ದಳ ಕಿತ್ತರೆ ಬೆಳೆಗೆ ನಷ್ಟವಿಲ್ಲ. ಒಣ ದಳವನ್ನು ಬಟ್ಟೆಯಲ್ಲಿ ಕಟ್ಟಿ ತಣ್ಣೀರಿನಲ್ಲಿ ಹಿಸುಕುತ್ತ, ಹಳದಿ ನೀರು ನಿಲ್ಲುವವರೆಗೆ ತೊಳೆಯಿರಿ. ನಂತರ ಚಿಟಿಕೆ ವಾಷಿಂಗ್ ಸೋಡಾ ಕರಗಿಸಿದ ತಣ್ಣೀರಿನಲ್ಲಿ ಹಿಸುಕಿದರೆ ಕೆಂಪು ಹೊರಬರುತ್ತದೆ. ಅದಕ್ಕೆ ನಿಂಬೆರಸ ಹಿಂಡಿ ಹುಳಿ ಮಾಡಿ, ಕೂಡಲೇ ರೇಷ್ಮೆ ಮುಳುಗಿಸಿ. ರೇಷ್ಮೆಯ ತೂಕದ ಎರಡು ಮೂರು ಪಟ್ಟು ದಳ ಬೇಕು, ಒಲೆ ಬೇಡವೇ ಬೇಡ, ಬಿಸಿಗೆ ಆ ಕೆಂಪು ಕೆಡುತ್ತದೆ. ಬರುವುದು ಬಹಳ ಚೆಂದದ ಗುಲಾಬಿ. ಆದರೆ ಬಿಸಿಲಿಗೆ ನಿಲ್ಲುವುದಿಲ್ಲ. ಉಣ್ಣೆಗೆ ಗಟ್ಟಿ ಕೆಂಪು ಬೇಕಿದ್ದರೆ ಗಿಡಮೂಲಿಕೆ ಅಂಗಡಿಯ ಮಂಜಿಷ್ಠದ ಬೇರು ತನ್ನಿ. ಪಟಿಕ ಹಾಕಿದ (ಅದರ ಕ್ರಮ ಮುಂದೆ ಉಳ್ಳಾಗಡ್ಡಿ ಸಿಪ್ಪೆಯ ಉತ್ತರದಲ್ಲಿದೆ) 100 ಗ್ರಾಂ ಉಣ್ಣೆಗೆ ಅಷ್ಟೇ ತೂಕದ ಬೇರಿನ ಪುಡಿ, 65ರಿಂದ 70 ಡಿಗ್ರಿಯಲ್ಲಿ ಒಂದು ತಾಸು. ಕುದಿಸಿದರೆ ಕೆಂಪಿನೊಳಗೆ ಕಂದು ಇಳಿಯುತ್ತದೆ.

ಒಂದೇ ಪಾತ್ರೆಯಲ್ಲಿ ಉಣ್ಣೆ, ರೇಷ್ಮೆ ಎರಡಕ್ಕೂ ನೇರಳೆ ಹಾಕಿದೆ. ರೇಷ್ಮೆ ಬೇರೆ, ಉಣ್ಣೆ ಬೇರೆ ಬಣ್ಣಕ್ಕೆ ಬಂತು. ಅಲ್ಲದೆ ಉಣ್ಣೆಯ ಒಂದು ಭಾಗ ಗುಲಾಬಿ, ಒಂದು ಭಾಗ ನೀಲಿ ಆಗಿದೆ.
- ಓದುಗರು, ಬೆಟಗೇರಿ

ಇಲ್ಲಿ ಎರಡು ಬೇರೆ ಕಾರಣಗಳಿವೆ. ರೇಷ್ಮೆ ಕಡಿಮೆ ಬಿಸಿಯಲ್ಲೇ ಬಣ್ಣ ಕುಡಿಯಲು ಶುರುಮಾಡುತ್ತದೆ, ಉಣ್ಣೆಗೆ ಹೊಪ್ಪಳೆ ತೆರೆಯುವಷ್ಟು ಬಿಸಿ ಬೇಕು. 60-70 ಡಿಗ್ರಿಯಲ್ಲೇ ನಿಲ್ಲಿಸಿದರೆ ರೇಷ್ಮೆ ಗಾಢ, ಉಣ್ಣೆ ಪೇಲವ. ಕುದಿಯ ಹತ್ತಿರ ಬಹಳ ಹೊತ್ತು ಇಟ್ಟರೆ ತಿರುಗುಮುರುಗು: ರೇಷ್ಮೆಯಿಂದ ಬಣ್ಣ ಬಿಟ್ಟು ಉಣ್ಣೆಗೆ ಹೋಗುತ್ತದೆ, ಜೊತೆಗೆ ರೇಷ್ಮೆಯ ಹೊಳಪೂ ಹೋಗುತ್ತದೆ. ಎರಡೂ ಬೆರೆತ ಹಂಜಿಗೆ 80ರಿಂದ 85 ಡಿಗ್ರಿ ಸರಿಯಾದ ನಡುದಾರಿ. ಎರಡೂ ಬಿಡಿಬಿಡಿಯಾಗಿದ್ದರೆ ಬೇರೆ ಬೇರೆ ಪಾತ್ರೆಯೇ ಒಳ್ಳೆಯದು. ರೇಷ್ಮೆಯನ್ನು ರಾತ್ರಿಯಿಡೀ ನೆನೆಸಿ, ಅದರ ಒಳಪದರಕ್ಕೆ ನೀರು ಇಳಿಯಲು ಬಹಳ ಹೊತ್ತು ಬೇಕು.

ನೇರಳೆ ಒಡೆದದ್ದು ಅವಸರದಿಂದ. ಅಂಗಡಿಯ ನೇರಳೆ ಸಾಮಾನ್ಯವಾಗಿ ಕೆಂಪು, ನೀಲಿಗಳ ಮಿಶ್ರಣ. ಕೆಂಪು ಓಡಿಹೋಗಿ ಎಳೆ ಹಿಡಿಯುತ್ತದೆ, ನೀಲಿ, ಅದರಲ್ಲೂ ಆಕಾಶನೀಲಿ, ನಿಧಾನ. ಬಿಸಿಯಾದ, ಆಗಲೇ ಹುಳಿ ಬೆರೆಸಿದ ನೀರಿಗೆ ಉಣ್ಣೆ ಹಾಕಿದರೆ ಮೊದಲು ಸಿಕ್ಕ ಎಳೆಗಳೆಲ್ಲ ಕೆಂಪನ್ನು ಕಸಿದುಕೊಳ್ಳುತ್ತವೆ. ತಣ್ಣೀರಿನಿಂದ ಆರಂಭಿಸಿ, ನಿಮಿಷಕ್ಕೆ ಒಂದು ಡಿಗ್ರಿಯಂತೆ ಏರಿಸಿ, ಹುಳಿಯನ್ನು 60 ಡಿಗ್ರಿ ದಾಟಿದ ಮೇಲೆ ಮೂರು ಕಂತಿನಲ್ಲಿ ಹಾಕಿ. 100 ಗ್ರಾಂಗೆ 10 ಗ್ರಾಂ ಸೋಡಿಯಂ ಸಲ್ಫೇಟ್ ಮೊದಲೇ ಕರಗಿಸಿದರೆ ಬಣ್ಣ ಇನ್ನಷ್ಟು ಸಮನಾಗಿ ಕೂರುತ್ತದೆ. ಈಗ ಒಡೆದಿರುವ ಉಣ್ಣೆಯನ್ನು ಬಿಸಾಡಬೇಡಿ, ಚೆನ್ನಾಗಿ ಬಾಚಿ ಬೆರೆಸಿ ನೂಲಿದರೆ ಒಂದೇ ಪಾತ್ರೆಯ ನೇರಳೆಗಿಂತ ಜೀವಂತ ನೇರಳೆ ಸಿಗುತ್ತದೆ.

ತೊಳೆದಷ್ಟೂ ಬಣ್ಣ ಬಿಡುತ್ತಲೇ ಇದೆ. ಉಪ್ಪು ಹಾಕಿದರೆ ನಿಲ್ಲುತ್ತದೆಯೇ?
- ಓದುಗರು, ಲಕ್ಷ್ಮೇಶ್ವರ

ಇಲ್ಲ. ಅಡುಗೆ ಉಪ್ಪಿನ ಸಲಹೆ ಹತ್ತಿಯ ಬಣ್ಣದಿಂದ ಬಂದದ್ದು. ಮೊದಲು ಪೊಟ್ಟಣದಲ್ಲಿದ್ದದ್ದು ಆಸಿಡ್ ಡೈ ಹೌದೋ ಅಲ್ಲವೋ ವಿಚಾರಿಸಿ. ಬಿಡಿಯಾಗಿ ಮಾರುವ ಕಣ್ಣು ಕುಕ್ಕುವ ಗುಲಾಬಿ, ಹಸಿರು ಪುಡಿಗಳು ಬೇರೆ ಜಾತಿಯವು, ಉಣ್ಣೆಗೆ ಹಿಡಿದರೂ ಬಿಸಿಲಿಗೆ ಬಹಳ ಬೇಗ ಹಾರುತ್ತವೆ. ಆಸಿಡ್ ಡೈಯೇ ಆಗಿದ್ದರೆ ಹುಳಿ ಸಾಲಲಿಲ್ಲ, ಬಿಸಿ ಸಾಲಲಿಲ್ಲ, ಇಲ್ಲವೇ ಬಣ್ಣ ಅತಿಯಾಯಿತು. ಹೊಸ ನೀರಿಗೆ 3 ಗ್ರಾಂ ಸಿಟ್ರಿಕ್ ಆಸಿಡ್ ಹಾಕಿ, ಬಣ್ಣವಿಲ್ಲದೆ 85 ಡಿಗ್ರಿಯಲ್ಲಿ ಅರ್ಧ ತಾಸು ಇಟ್ಟು ತಣಿಸಿ. ಬಟ್ಟೆ ಸೋಪಿನ ಪುಡಿ ಕ್ಷಾರ, ಅದರಲ್ಲಿ ತೊಳೆದರೆ ಒಳ್ಳೆಯ ಬಣ್ಣವೂ ಬಿಡುತ್ತದೆ.

ಅಮರಗೋಳದ ಎಪಿಎಂಸಿಯಲ್ಲಿ ಉಳ್ಳಾಗಡ್ಡಿ ಸಿಪ್ಪೆ ರಾಶಿ ಬಿದ್ದಿರುತ್ತದೆ. ಅದರಿಂದ ಬಣ್ಣ ಹಾಕುವ ಸರಿಯಾದ ಅಳತೆ ತಿಳಿಸಿ.
- ಓದುಗರು, ಧಾರವಾಡ

ನಮ್ಮ ಸೀಮೆಯಲ್ಲಿ ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಬಣ್ಣ ಇಲ್ಲ. ಕೆಂಪು ಉಳ್ಳಾಗಡ್ಡಿಯ ಹೊರಗಿನ ಒಣ ಸಿಪ್ಪೆ ಮಾತ್ರ ತನ್ನಿ, ಕೊಳೆತದ್ದು, ಕಪ್ಪು ಬೂಷ್ಟು ಹಿಡಿದದ್ದು ಬೇಡ.

100 ಗ್ರಾಂ ಉಣ್ಣೆಗೆ 12 ಗ್ರಾಂ ಪಟಿಕವನ್ನು ಪುಡಿಮಾಡಿ ಬಿಸಿನೀರಿನಲ್ಲಿ ಕರಗಿಸಿ, 4 ಲೀಟರ್ ನೀರಿಗೆ ಸೇರಿಸಿ. ನೆನೆದ ಉಣ್ಣೆ ಹಾಕಿ, ನಿಧಾನಕ್ಕೆ 85 ಡಿಗ್ರಿಗೆ ತಂದು ಒಂದು ತಾಸು ಇಟ್ಟು, ಅದರಲ್ಲೇ ತಣಿಸಿ. ಹೆಚ್ಚು ಹಾಕಿದರೆ ಹೆಚ್ಚು ಹಿಡಿಯುತ್ತದೆಂದು 20 ಗ್ರಾಂ ದಾಟಿಸಬೇಡಿ, ಉಣ್ಣೆ ಅಂಟಂಟಾಗುತ್ತದೆ, ಆಮೇಲೆ ನೂಲುವಾಗ ಜಾರುವುದಿಲ್ಲ. ರೇಷ್ಮೆಗೆ ಅಷ್ಟೇ ಪಟಿಕ, ಆದರೆ ಒಲೆಯಿಲ್ಲದೆ ಒಂದು ದಿನ ನೆನೆಸಿಡಿ.

ಸಿಪ್ಪೆಯೂ 100 ಗ್ರಾಂ ಬೇಕು. ತೂಕಕ್ಕೆ ಅಷ್ಟೇ ಆದರೂ ದೊಡ್ಡ ಚೀಲದ ತುಂಬ ಆಗುತ್ತದೆ. ರಾತ್ರಿ ನೆನೆಸಿ, ಬೆಳಗ್ಗೆ ಒಂದು ತಾಸು ಕುದಿಸಿ ಸೋಸಿ. ಸಿಪ್ಪೆ ಕುದಿಸಬಹುದು, ಉಣ್ಣೆಯನ್ನು ಅಲ್ಲ. ರಸ ಬೆಚ್ಚಗಾದ ಮೇಲೆ ಉಣ್ಣೆ ಇಳಿಸಿ 80 ಡಿಗ್ರಿಯಲ್ಲಿ ಮುಕ್ಕಾಲು ತಾಸು ಇಡಿ. ಮೊದಲ ಸಲ ಕಂದುಗಿತ್ತಳೆ, ಅದೇ ರಸದಲ್ಲಿ ಎರಡನೇ ಸಲ ಬಂಗಾರದ ಹಳದಿ, ಮೂರನೇ ಸಲ ತಿಳಿ ಹಳದಿ. ಕೊನೆಯ ಹತ್ತು ನಿಮಿಷಕ್ಕೆ ಉಣ್ಣೆ ಹೊರತೆಗೆದು, 1 ಗ್ರಾಂ ಅನ್ನಭೇದಿ (ಕಬ್ಬಿಣದ ಲವಣ) ಕರಗಿಸಿ ಮತ್ತೆ ಮುಳುಗಿಸಿದರೆ ಕಾಡುಹಸಿರು ಬರುತ್ತದೆ. 2 ಗ್ರಾಂ ದಾಟಬೇಡಿ, ಕಬ್ಬಿಣ ಎಳೆಯನ್ನು ಕಾಲಕ್ರಮದಲ್ಲಿ ಪುಡಿ ಮಾಡುತ್ತದೆ. ಮೈಲುತುತ್ತ, ಪೊಟ್ಯಾಸಿಯಂ ಡೈಕ್ರೋಮೇಟುಗಳನ್ನು ಕೆಲವರು ಸೂಚಿಸುತ್ತಾರೆ. ಎರಡೂ ವಿಷ, ಮನೆಯಲ್ಲಿ ಅವುಗಳ ಅಗತ್ಯವೇ ಇಲ್ಲ.

ಈ ಬಣ್ಣ ಸೋಪಿಗೆ ತಾಳುತ್ತದೆ, ಬಿಸಿಲಿಗೆ ಅಷ್ಟಾಗಿ ತಾಳದು. ಮಾರುವ ಮೊದಲು ನೂಲಿನ ತುಂಡನ್ನು ರಟ್ಟಿಗೆ ಸುತ್ತಿ, ಅರ್ಧ ಮುಚ್ಚಿ, ಎರಡು ವಾರ ಕಿಟಕಿಯಲ್ಲಿಟ್ಟು ನೋಡಿ. ದಾಳಿಂಬೆ ಸಿಪ್ಪೆಯಲ್ಲಿ ಟ್ಯಾನಿನ್ ಇರುವುದರಿಂದ ಅದರ ಹಳದಿ ಹೆಚ್ಚು ಗಟ್ಟಿ. ಅರಿಶಿನ ಮೊದಲ ದಿನ ಎಲ್ಲರನ್ನೂ ಮರುಳು ಮಾಡುತ್ತದೆ, ಬಿಸಿಲಿಗೆ ಎಲ್ಲಕ್ಕಿಂತ ಮೊದಲು ಹೋಗುವುದೂ ಅದೇ.

ಬೋರ್‌ವೆಲ್ ನೀರು ಬಳಸಿದರೆ ತೊಂದರೆಯೇ?
- ಓದುಗರು, ಮುಂಡರಗಿ

ಗಡಸು ನೀರಿನಲ್ಲಿ ಸೋಪು ನೊರೆ ಕೊಡದೆ ಬಿಳಿ ಕೆನೆಯಾಗಿ ರೇಷ್ಮೆಗೆ ಅಂಟುತ್ತದೆ, ಹೊಳಪು ಮಂಕಾಗುತ್ತದೆ. ಕಬ್ಬಿಣದ ಅಂಶವಿದ್ದರೆ ಹಳದಿಗಳೆಲ್ಲ ಕೊಳೆಯಾಗಿ ಕಾಣುತ್ತವೆ. ಆಸಿಡ್ ಡೈಗೆ ಹುಳಿ ತುಸು ಹೆಚ್ಚು ಹಾಕಿದರೆ ನಡೆಯುತ್ತದೆ. ಮಂಜಿಷ್ಠಕ್ಕೆ ಮಾತ್ರ ಗಡಸು ನೀರೇ ಒಳ್ಳೆಯದು, ಕ್ಯಾಲ್ಸಿಯಂ ಸಿಕ್ಕರೆ ಅದರ ಕೆಂಪು ತೇಜವಾಗುತ್ತದೆ. ಉಳಿದದ್ದಕ್ಕೆ ಮಳೆನೀರು ಹಿಡಿದಿಡಿ.

ಮನೆಯಲ್ಲಿ ಹಳೆಯ ಪೆಟ್ಟಿಗೆ ಚರಕವಿದೆ. ಬಣ್ಣದ ಉಣ್ಣೆಯನ್ನು ಅದರಲ್ಲೇ ನೂಲಬಹುದೇ? ಅಂಬರ ಚರಕದಲ್ಲಿ?
- ಓದುಗರು, ಬೆಂಗೇರಿ, ಹುಬ್ಬಳ್ಳಿ

ಖಾದಿ ರಾಷ್ಟ್ರಧ್ವಜ ತಯಾರಾಗುವ ಊರಿನಿಂದ ಬಂದ ಪ್ರಶ್ನೆ, ಚರಕಕ್ಕೆ ನಿಮ್ಮಲ್ಲಿ ಬರವಿಲ್ಲ. ಆದರೆ ಅವೆಲ್ಲ ಹತ್ತಿಯ ಅಳತೆಗೆ ಮಾಡಿದವು. ಪೆಟ್ಟಿಗೆ ಚರಕದಲ್ಲಿ ಎರಡು ಗಾಲಿಗಳಿಂದಾಗಿ ಕೈ ಒಂದು ಸುತ್ತು ತಿರುಗುವಷ್ಟರಲ್ಲಿ ಕದಿರು ಹತ್ತಾರು ಸುತ್ತು ತಿರುಗುತ್ತದೆ. ಗಿಡ್ಡ ಹತ್ತಿಗೆ ಅಷ್ಟು ತಿರುವು ಬೇಕು. ಉದ್ದನೆಯ ಉಣ್ಣೆಗೆ ಅದು ಅತಿಯಾಗಿ ನೂಲು ಗುಂಗುರುಗಟ್ಟುತ್ತದೆ. ಸಣ್ಣ ಎಳೆಯ ಮೆರಿನೋ, ರೇಷ್ಮೆಗಳನ್ನು ತೆಳ್ಳಗೆ, ಗಾಲಿಯನ್ನು ಬಹಳ ನಿಧಾನ ತಿರುಗಿಸಿ ನೂಲಬಹುದು. ದಖನಿ ಉಣ್ಣೆ ಬೇಡ.

ಅಂಬರ ಚರಕದಲ್ಲಿ ಆಗುವುದೇ ಇಲ್ಲ. ಎಳೆ ಜಗ್ಗುವ ಅದರ ಉರುಳೆಗಳ ನಡುವಿನ ಅಂತರ ಹತ್ತಿಯ ಎಳೆಯ ಉದ್ದಕ್ಕೆ ಹೊಂದಿಸಿದ್ದು. ಉಣ್ಣೆಯ ಎಳೆ ಅದಕ್ಕಿಂತ ಉದ್ದ, ಎರಡೂ ಜೋಡಿ ಉರುಳೆ ಒಂದೇ ಎಳೆಯನ್ನು ಹಿಡಿದು ಹರಿಯುತ್ತವೆ. ತಕಲಿಯೇ ಒಳ್ಳೆಯ ಆರಂಭ: ಒಂದು ಗೇಣಿಗಿಂತ ಸ್ವಲ್ಪ ಉದ್ದದ ಕಡ್ಡಿ, 7 ಸೆಂ.ಮೀ. ಅಗಲದ ಮರದ ಬಿಲ್ಲೆ, ಒಟ್ಟು 30ರಿಂದ 40 ಗ್ರಾಂ ತೂಕ. ರೇಷ್ಮೆ ಬೆರೆತ ಹಂಜಿಯಾದರೆ ಕೈಗಳ ನಡುವೆ ಒಂದು ಗೇಣು ಅಂತರವಿರಲಿ, ಹತ್ತಿರ ಹಿಡಿದರೆ ಒಂದೇ ಎಳೆಯ ಎರಡು ತುದಿಯನ್ನು ಎಳೆದಂತಾಗಿ ಜಗ್ಗುವುದಿಲ್ಲ. ಕೈ ಒರಟಾಗಿದ್ದರೆ ಸಕ್ಕರೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿ ತೊಳೆದು ಕೂಡಿ, ರೇಷ್ಮೆ ಬೆರಳಿಗೆ ಸಿಕ್ಕುವುದು ನಿಲ್ಲುತ್ತದೆ.

ಹಂಜಿಯ ಮೇಲೆ ಕೆಂಪು, ಹಸಿರು, ಹಳದಿ ಪಟ್ಟೆ ಬಳಿದಾಗ ನೋಡಲು ಚೆಂದವಿತ್ತು. ನೂಲಿದ ಮೇಲೆ ಎಲ್ಲ ಮಣ್ಣಿನ ಬಣ್ಣ!
- ಓದುಗರು, ಸವಣೂರು

ಕೆಂಪು ಹಸಿರು ಎಳೆ ಬೆರೆತರೆ ಕಣ್ಣಿಗೆ ಕಂದೇ ಕಾಣುವುದು. ಅವೆರಡರ ನಡುವೆ ಹಳದಿ ಇರಲಿ. ಬಳಿಯುವಾಗ ಪಟ್ಟೆಗಳ ನಡುವೆ ಎರಡು ಬೆರಳು ಜಾಗ ಬಿಟ್ಟು ಅಂಗೈಯಿಂದ ಒತ್ತಿದರೆ ಅಂಚುಗಳು ತಾವೇ ಕೂಡುತ್ತವೆ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ 40 ನಿಮಿಷ ಹಬೆಯಲ್ಲಿಡಿ. ನೂಲುವಾಗ ಹಂಜಿಯನ್ನು ಉದ್ದಕ್ಕೆ ಸೀಳದೆ ಇಡಿಯಾಗಿ ನೂಲಿ. ಎರಡು ಬೇರೆ ನೂಲು ಸೇರಿಸಿ ಹುರಿ ಮಾಡುವ ಬದಲು, ಒಂದೇ ನೂಲನ್ನು ಸರಪಳಿ ಕುಣಿಕೆಯಂತೆ ಮಡಚುತ್ತ ಮೂರೆಳೆ ಹುರಿ ಮಾಡಿದರೆ ಕೆಂಪಿಗೆ ಕೆಂಪೇ ಸೇರುತ್ತದೆ.

ಉಣ್ಣೆಯ ಫೆಲ್ಟಿನ ಮೇಲೆ ಬಣ್ಣದ ರೇಷ್ಮೆ ಎಳೆ ಹಾಕಿದೆ. ಒಣಗಿದ ಮೇಲೆ ಸಿಪ್ಪೆಯಂತೆ ಎದ್ದು ಬಂತು.
- ಓದುಗರು, ಶಿಗ್ಗಾವಿ

ರೇಷ್ಮೆಗೆ ಹೊಪ್ಪಳೆ ಇಲ್ಲ, ಅದು ತಾನಾಗಿ ಫೆಲ್ಟ್ ಆಗದು. ಕೆಳಗಿನ ಉಣ್ಣೆಯ ಎಳೆಗಳು ರೇಷ್ಮೆಯ ನಡುವೆ ನುಗ್ಗಿ ಮೇಲೆ ಬಂದು ಅದನ್ನು ಕಟ್ಟಿಹಾಕಬೇಕು. ಅದಕ್ಕೆ ದಾರಿ ಬಿಡಬೇಕಾದವರು ನೀವು: ಕೆಳಗಿನ ಉಣ್ಣೆ ಕಾಣುವಷ್ಟು ತೆಳ್ಳಗೆ ರೇಷ್ಮೆ ಹರಡಿ. ದಪ್ಪ ಹೊಳಪು ಬೇಕೇ ಬೇಕೆಂದರೆ ಅದರ ಮೇಲೆ ಜೇಡನ ಬಲೆಯಷ್ಟು ತೆಳುವಾಗಿ ಉಣ್ಣೆ ಎಳೆಗಳನ್ನು ಅಡ್ಡ ಹಾಸಿ.

30 ಸೆಂ.ಮೀ. ಚೌಕಕ್ಕೆ 25ರಿಂದ 30 ಗ್ರಾಂ ಮೆರಿನೋವನ್ನು ನಾಲ್ಕು ಪದರವಾಗಿ, ಒಂದು ಉದ್ದ ಒಂದು ಅಡ್ಡ ಎಂದು ಹಾಸಿ. ಮೇಲೆ ರೇಷ್ಮೆ, ಅದರ ಮೇಲೆ ಸೊಳ್ಳೆಪರದೆಯ ತುಂಡು. ಕೈ ತಾಳುವಷ್ಟು ಬಿಸಿಯಾದ 1 ಲೀಟರ್ ನೀರಿಗೆ ಒಂದು ಚಮಚ ತುರಿದ ಸೋಪು ಕರಗಿಸಿ ಚಿಮುಕಿಸಿ, ಗಾಳಿ ಹೋಗುವಂತೆ ಒತ್ತಿ. ಮೊದಲ ಹತ್ತು ನಿಮಿಷ ಪರದೆಯ ಮೇಲಿಂದ ಬರೀ ಸವರಿ, ಒತ್ತಡ ಬೇಡ. ಇದೇ ಹೊತ್ತಿನಲ್ಲಿ ಉಣ್ಣೆ ರೇಷ್ಮೆಯನ್ನು ಹಿಡಿಯುವುದು, ಆಗಲೇ ಸುರುಳಿ ಸುತ್ತಿ ಉರುಳಿಸಿದರೆ ಉಣ್ಣೆ ತನ್ನೊಳಗೆ ತಾನೇ ಬಿಗಿದುಕೊಂಡು ರೇಷ್ಮೆಯನ್ನು ಹೊರಗೇ ಬಿಡುತ್ತದೆ. ಮೇಲ್ಮೈಯನ್ನು ಚಿವುಟಿ ನೋಡಿ. ಬಿಡಿ ಎಳೆ ಏಳದಿದ್ದರೆ ಮಾತ್ರ ಬಿದಿರು ಚಾಪೆಯಲ್ಲಿ ಸುತ್ತಿ, ನಾಲ್ಕೂ ದಿಕ್ಕಿಗೆ ನೂರು ನೂರು ಸಲ ಉರುಳಿಸಿ. ಸುಮಾರು ಮೂರನೇ ಒಂದು ಭಾಗ ಕುಗ್ಗಿ 20 ಸೆಂ.ಮೀ. ಆದಾಗ ಕೆಲಸ ಮುಗಿಯಿತು. ಕೊನೆಯ ನೀರಿಗೆ ಒಂದು ಚಮಚ ವಿನೆಗರ್ ಹಾಕಿದರೆ ಸೋಪಿನ ಕ್ಷಾರ ಹೋಗುತ್ತದೆ.

ಇಷ್ಟಾದರೂ ಉಣ್ಣೆ ಕುಗ್ಗಲೇ ಇಲ್ಲವೆಂದರೆ ಪೊಟ್ಟಣ ನೋಡಿ. ‘ಸೂಪರ್‌ವಾಶ್’ ಎಂದಿದ್ದರೆ ಅದರ ಹೊಪ್ಪಳೆಗಳನ್ನು ಕಾರ್ಖಾನೆಯಲ್ಲೇ ಸವೆಸಿ ರಾಳ ಹಚ್ಚಿರುತ್ತಾರೆ, ಅದು ಎಂದೂ ಫೆಲ್ಟ್ ಆಗದು. ಗೂಡಿನಿಂದ ನೀವೇ ತೆಗೆದ ರೇಷ್ಮೆಯಾದರೆ ಅಂಟು ತೆಗೆದಿರಬೇಕು. ಲೀಟರಿಗೆ 5 ಗ್ರಾಂ ಸೋಪು, 1 ಗ್ರಾಂ ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ 90 ಡಿಗ್ರಿಗೆ ಒಂದು ತಾಸು ಇಟ್ಟರೆ ಅಂಟು ಬಿಡುತ್ತದೆ. 100 ಗ್ರಾಂ ರೇಷ್ಮೆ ಸುಮಾರು 75 ಗ್ರಾಂ ಆಗುತ್ತದೆ, ಕಳೆದುಹೋಯಿತೆಂದು ಗಾಬರಿಯಾಗಬೇಡಿ.

ಮಳೆಗಾಲದಲ್ಲಿ ಉಣ್ಣೆಗೆ ಹುಳ ಬೀಳುತ್ತದೆ. ಬೇವಿನ ಎಲೆ ಸಾಕೇ?
- ಓದುಗರು, ಧಾರವಾಡ

ಸಾಲದು, ಮರಿಹುಳ ಅದರಿಂದ ಸಾಯುವುದಿಲ್ಲ. ತೊಳೆದು ಪೂರ್ತಿ ಒಣಗಿಸಿದ್ದನ್ನೇ ಎತ್ತಿಡಿ, ಬೆವರು ಜಿಡ್ಡು ಇರುವ ಉಣ್ಣೆಯೇ ಹುಳಕ್ಕೆ ಮೊದಲ ಊಟ. ಅನುಮಾನವಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹಿಂಡಿ ಕಟ್ಟಿ, ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಟ್ಟು, ಹೊರಗೆ ತೆಗೆದ ಮೇಲೆ ಚೀಲದ ಮೇಲಿನ ತೇವ ಆರಿದ ನಂತರ ಬಿಚ್ಚಿ. ಉಣ್ಣೆ ತನ್ನ ತೂಕದ ಶೇ 30ರಷ್ಟು ನೀರಾವಿ ಹೀರಿದರೂ ಕೈಗೆ ಒಣಗಿದಂತೆಯೇ ಇರುತ್ತದೆ. ಹಾಗಾಗಿ ಆಷಾಢದ ಮಳೆಯಲ್ಲಿ ತೂಗಿ ಬಣ್ಣದ ಲೆಕ್ಕ ಹಾಕುವವರು, ಮೊದಲು ಒಂದು ದಿನ ಬೆಚ್ಚನೆಯ ಕೋಣೆಯಲ್ಲಿ ಹರಡಿ ಆಮೇಲೆ ತಕ್ಕಡಿಗೆ ಹಾಕಿ.